ಶುಂಠಿ ನಾಟಿಗೆ ಯಂತ್ರ: ಮೊದಲು ಸುಧಾರಿಸಬೇಕಾದ್ದು ಮಡಿ ಮತ್ತು ಬೀಜ

ಭರಣಿ ಮಳೆ ಒಂದೆರಡು ಸಲ ಚೆನ್ನಾಗಿ ಸುರಿಯಿತೆಂದರೆ ಹಾವೇರಿ, ಧಾರವಾಡ ಜಿಲ್ಲೆಗಳ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು, ಕಲಘಟಗಿ ಕಡೆಯ ಶುಂಠಿ ಬೆಳೆಗಾರರ ಫೋನಿಗೆ ಬಿಡುವಿರುವುದಿಲ್ಲ. ಮಾತೆಲ್ಲ ಆಳಿನದು. ಯಾವ ಊರಿನ ಹೆಣ್ಣಾಳು ಬರುತ್ತಾರೆ, ಪಗಾರ ಎಷ್ಟು, ಟಂಟಂ ಬಾಡಿಗೆ ಯಾರ ಲೆಕ್ಕಕ್ಕೆ. ನಾಟಿ ಎಂಟು ದಿನ ಮುಂದೆ ಹೋಗಿ ರೋಹಿಣಿ ಹತ್ತಿರ ಬಂತೋ, ಗೋವಿನಜೋಳ, ಹತ್ತಿ, ಸೋಯಾಬೀನ್, ಶೇಂಗಾ ಬಿತ್ತನೆಯೂ ಕೂಡಿಕೊಂಡು ದುಪ್ಪಟ್ಟು ಪಗಾರ ಕೊಡುತ್ತೇನೆಂದರೂ ಆಳು ಸಿಗುವುದಿಲ್ಲ. ಗೋವಿನಜೋಳಕ್ಕೆ ಟ್ರ್ಯಾಕ್ಟರ್ ಕೂರಿಗೆ ಬಂದು ಎಷ್ಟೋ ವರ್ಷವಾಯಿತು. ಕಬ್ಬಿಗೆ, ಭತ್ತಕ್ಕೆ ನಾಟಿ ಯಂತ್ರಗಳಿವೆ. ಶುಂಠಿ ಮತ್ತು ಅರಿಶಿಣಕ್ಕೆ ಮಾತ್ರ ನಮ್ಮ ಹೊಲಗಳಲ್ಲಿ ಇಂದಿಗೂ ನಡು ಬಗ್ಗಿಸಿ ಒಂದೊಂದೇ ತುಂಡು ಊರುವುದೇ ಗತಿ.

ಈ ಬೆಳೆಗೆ ಯಂತ್ರ ಯಾಕಿಲ್ಲ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ: ಕಂಪನಿಗಳು ಮನಸ್ಸು ಮಾಡಿಲ್ಲ, ಇಲ್ಲವೇ ಸರ್ಕಾರ ಸಬ್ಸಿಡಿ ಕೊಟ್ಟಿಲ್ಲ. ಎರಡರಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಮುಖ್ಯ ತೊಡಕು ಬೇರೆಡೆ ಇದೆ. ದೇಶದ ಕೃಷಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗಡ್ಡೆ ನೆಡುವ ಯಂತ್ರದ ಹಲವು ಮಾದರಿಗಳು ರೂಪುಗೊಂಡಿವೆ. ಅವು ನಮ್ಮ ಹೊಲಕ್ಕೆ ಬಂದು ನಿಲ್ಲಲಾರವು, ಏಕೆಂದರೆ ಮಣ್ಣು ಏರಿಸಿ ಮಾಡುವ ನಮ್ಮ ನಾಟಿ ಮಡಿಗಳು ಒಂದೊಂದು ಹೊಲದಲ್ಲಿ ಒಂದೊಂದು ಅಳತೆ, ಬೀಜವಾಗಿ ನೆಡುವ ನಮ್ಮ ಗಡ್ಡೆ ತುಂಡುಗಳು ಒಂದೊಂದು ಒಂದೊಂದು ಗಾತ್ರ. ಇವೆರಡನ್ನು ಸರಿಮಾಡದೆ ಯಂತ್ರ ತಂದರೆ ಅದು ಮೊದಲ ಹಂಗಾಮು ಮುಗಿಯುವಷ್ಟರಲ್ಲಿ ಶೆಡ್ಡು ಸೇರುತ್ತದೆ.

ಮೊದಲು ಕೆಲಸ ಎಷ್ಟಿದೆ ನೋಡೋಣ. ಒಂದು ಮೀಟರ್ ಅಗಲದ ಏರು ಮಡಿ, ನಡುವೆ ಅರ್ಧ ಮೀಟರ್ ಕಾಲುವೆ ಎಂದಿಟ್ಟುಕೊಳ್ಳಿ. ಎಕರೆಗೆ ಹತ್ತಿರಹತ್ತಿರ 2,700 ಮೀಟರ್ ಉದ್ದದ ಮಡಿ ಬರುತ್ತದೆ. ಮಡಿಗೆ ನಾಲ್ಕು ಸಾಲು, ಸಾಲಿನಲ್ಲಿ 25 ಸೆಂ.ಮೀ.ಗೆ ಒಂದು ತುಂಡು ಎಂದರೆ ಮೀಟರಿಗೆ 16 ತುಂಡು, ಎಕರೆಗೆ 43,000 ತುಂಡು. ತುಂಡಿಗೆ 20 ಗ್ರಾಂ ಹಿಡಿದರೆ ಸುಮಾರು 860 ಕಿಲೋ ಬೀಜ. ಒಬ್ಬ ಹೆಣ್ಣುಮಗಳು ನಿಮಿಷಕ್ಕೆ ಆರು ತುಂಡು ಊರಿ ಮಣ್ಣು ಮುಚ್ಚುತ್ತಾ ದಿನಕ್ಕೆ ಆರು ತಾಸು ಒಂದೇ ಸಮನೆ ದುಡಿದಳು ಎಂದುಕೊಂಡರೂ 2,160 ತುಂಡಾಯಿತು. ಅಂದರೆ ಎಕರೆಗೆ 20 ಆಳು, ಅದೂ ನಾಟಿಗಷ್ಟೇ. ಮಡಿ ಏರಿಸುವುದು, ಬೀಜ ಮುರಿಯುವುದು, ಉಪಚರಿಸುವುದು, ಹೊದಿಕೆ ಹಾಕುವುದು ಬೇರೆ. ಒಂದು ದಿನಕ್ಕೆ 43,000 ಸಲ ಬಗ್ಗುವ ಕೆಲಸವನ್ನು 20 ಜನ ಹಂಚಿಕೊಳ್ಳುತ್ತಾರೆ. ಮೂವತ್ತೈದು ದಾಟಿದ ಹೆಣ್ಣುಮಕ್ಕಳು ಸಂಜೆ ಟಂಟಂ ಹತ್ತುವಾಗ ಕೈಯಿಂದ ಸೊಂಟ ಹಿಡಿದುಕೊಂಡೇ ಹತ್ತುತ್ತಾರೆ. ಈ ಕೆಲಸಕ್ಕೆ ಯಂತ್ರ ಬೇಕು ಎಂದು ನಾನು ವಾದಿಸುವುದಕ್ಕೆ ಆಳಿನ ಖರ್ಚಿಗಿಂತ ಈ ನೋವೇ ದೊಡ್ಡ ಕಾರಣ.

ಗುಂಡು ಕಾಳಲ್ಲ, ಕೈಬೆರಳಿನಂಥ ಗಡ್ಡೆ

ಬಿತ್ತನೆ ಯಂತ್ರದ ಜೀವ ಇರುವುದು ಒಂದೇ ಕಡೆ: ಪೆಟ್ಟಿಗೆಯಲ್ಲಿನ ಬೀಜವನ್ನು ಒಂದೊಂದಾಗಿ, ಲೆಕ್ಕವಾಗಿ ಎತ್ತಿ ಕೊಡುವ ಭಾಗದಲ್ಲಿ. ಗೋವಿನಜೋಳದ ಕಾಳು ಹೆಚ್ಚುಕಡಿಮೆ ಒಂದೇ ಅಳತೆ. ತಿರುಗುವ ತಟ್ಟೆಯ ತೂತಿನಲ್ಲಿ ಒಂದು ಕಾಳು ಕೂರುತ್ತದೆ, ಮುಂದೆ ಹೋಗಿ ಬೀಳುತ್ತದೆ. ಆಲೂಗಡ್ಡೆ ನೆಡುವ ಯಂತ್ರದಲ್ಲಿ ಸರಪಳಿಗೆ ಜೋಡಿಸಿದ ಬಟ್ಟಲುಗಳು ಪೆಟ್ಟಿಗೆಯೊಳಗಿಂದ ಮೇಲೇರುತ್ತಾ ಬಟ್ಟಲಿಗೊಂದರಂತೆ ಗಡ್ಡೆ ಎತ್ತಿಕೊಳ್ಳುತ್ತವೆ. ಶುಂಠಿಗೂ ಇದನ್ನೇ ಬಳಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆ ಪೆಟ್ಟಿಗೆಗೆ ಶುಂಠಿ ತುಂಡು ಸುರಿದು ನೋಡಿದರೆ ತೊಂದರೆ ಕಣ್ಣಿಗೇ ಕಾಣುತ್ತದೆ. ತುಂಡುಗಳಿಗೆ ಕವಲುಗಳಿವೆ. ಒಂದರ ಕವಲು ಇನ್ನೊಂದರ ಸಂದಿಗೆ ಸಿಕ್ಕಿ, ಪೆಟ್ಟಿಗೆಯ ಬಾಯಿಗೆ ಅಡ್ಡವಾಗಿ ಕಮಾನು ಕಟ್ಟಿಕೊಳ್ಳುತ್ತವೆ. ಮೇಲೆ ಪೆಟ್ಟಿಗೆ ತುಂಬಿರುತ್ತದೆ, ಕೆಳಗೆ ಬಟ್ಟಲುಗಳು ಖಾಲಿ ಸಾಗುತ್ತವೆ. ಕೋಲಿನಿಂದ ತಿವಿದರೆ ಒಮ್ಮೆಲೇ ಕುಸಿದು ಒಂದು ಬಟ್ಟಲಿಗೆ ಎರಡು, ಮೂರು ತುಂಡು. ಔಷಧಿ ನೀರಿನಿಂದ ತೆಗೆದು ಸರಿಯಾಗಿ ಆರಿಸದ ಬೀಜವಾದರೆ ಬಟ್ಟಲಿಗೆ ಅಂಟಿಕೊಂಡು ಬೀಳಬೇಕಾದ ಜಾಗ ಬಿಟ್ಟು ಮುಂದೆ ಬೀಳುತ್ತದೆ. ಮೊಳಕೆ ಅರ್ಧ ಇಂಚು ಬಂದಿದ್ದರೆ ಮುರಿಯುತ್ತದೆ. ರೈತ ಮೊಳಕೆ ಕಂಡ ಬೀಜವನ್ನೇ ನಂಬುತ್ತಾನೆ, ಯಂತ್ರಕ್ಕೋ ಮೊಳಕೆ ಆಗತಾನೇ ತಲೆ ಎತ್ತಿದ ಬೀಜ ಬೇಕು.

ತಪ್ಪಿದ ಜಾಗದ ಬೆಲೆ ಏನು? ಎಕರೆಗೆ 6 ಟನ್ ಹಸಿ ಶುಂಠಿ, ಅಂದರೆ 60 ಕಿಲೋದ 100 ಚೀಲ ಬರುವ ಹೊಲದಲ್ಲಿ ನೂರಕ್ಕೆ ಹತ್ತು ಕಡೆ ಯಂತ್ರ ತುಂಡು ಬಿಡದೆ ಹೋಯಿತು ಎಂದುಕೊಳ್ಳಿ. ಅಕ್ಕಪಕ್ಕದ ಗಿಡ ಸ್ವಲ್ಪ ಹರಡಿ ತುಂಬಿಕೊಳ್ಳುತ್ತದೆ, ಹೀಗಾಗಿ ಹತ್ತಕ್ಕೆ ಹತ್ತೂ ಚೀಲ ಹೋಗಲಿಕ್ಕಿಲ್ಲ. ಆರೇಳು ಚೀಲ ಹೋದರೂ ಉಳಿಸಿದ ಪಗಾರದಲ್ಲಿ ದೊಡ್ಡ ಪಾಲು ಅಲ್ಲೇ ಕರಗಿತು. ಎರಡೆರಡು ತುಂಡು ಬಿದ್ದ ಕಡೆ ಬೀಜ ದಂಡ. ಶುಂಠಿಯಲ್ಲಿ ಬೀಜದ ಖರ್ಚು ಸಣ್ಣದಲ್ಲ. 2023ರಂತೆ ದರ ದಾಖಲೆ ಮುಟ್ಟಿದ ವರ್ಷದಲ್ಲಿ ಬೀಜ ಕೊಂಡವರಿಗೆ, ಆಮೇಲೆ ದರ ಬಿದ್ದಾಗ ಆ ಸಾಲವೇ ತಲೆಯ ಮೇಲೆ ಉಳಿಯಿತು.

ಹಾಗಾಗಿ ಪೂರ್ತಿ ಸ್ವಯಂಚಾಲಿತ ಯಂತ್ರದ ಹಿಂದೆ ಬೀಳುವುದು ಸದ್ಯಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ನಮ್ಮ ಸೀಮೆಯ ಕೂರಿಗೆಯಲ್ಲೇ ಇದಕ್ಕೊಂದು ದಾರಿ ಇದೆ. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಣ್ಣುಮಕ್ಕಳು ಕೂರಿಗೆ ಹಿಂದೆ ನಡೆಯುತ್ತಾ ಬಟ್ಟಲಿಗೆ ಕಾಳು ಬಿಡುತ್ತಿದ್ದರು. ಸಾಲು ತೆರೆಯುವುದು, ಬೀಜ ಇಳಿಸುವುದು ಕೂರಿಗೆಯ ಕೆಲಸ, ಲೆಕ್ಕ ಹಿಡಿಯುವುದು ಕೈಯ ಕೆಲಸ. ಹಾನಗಲ್ಲ, ಕಲಘಟಗಿ ಕಡೆ ಭತ್ತವನ್ನೂ ಕೂರಿಗೆಯಲ್ಲೇ ಬಿತ್ತಿದ ಜನ ನಾವು. ಅರೆ ಸ್ವಯಂಚಾಲಿತ ಗಡ್ಡೆ ನಾಟಿ ಯಂತ್ರ ಕೆಲಸ ಮಾಡುವುದೂ ಇದೇ ತತ್ವದ ಮೇಲೆ: ಯಂತ್ರದ ಹಿಂಬದಿ ಸೀಟಿನಲ್ಲಿ ಸಾಲಿಗೊಬ್ಬರು ಕೂತು, ಎದುರಿಗೆ ತಿರುಗುವ ಬಟ್ಟಲುಗಳಿಗೆ ಒಂದೊಂದೇ ತುಂಡು ಹಾಕುತ್ತಾ ಹೋಗುತ್ತಾರೆ. ತುಂಡು ವಕ್ರವಿದ್ದರೂ ಕೈಗೆ ಅಡ್ಡಿಯಿಲ್ಲ. ಕೊಳೆತದ್ದು ಕಂಡರೆ ಕೈ ಅದನ್ನು ಪಕ್ಕಕ್ಕೆ ಎಸೆಯುತ್ತದೆ.

ಇದರ ವೇಗಕ್ಕೂ ಒಂದು ಮಿತಿ ಇದೆ. ಸೆಕೆಂಡಿಗೊಂದು ತುಂಡು ಎಂದರೆ ಕೂತವರ ಕೈಗೆ ಅದೇ ಹೆಚ್ಚು. ತುಂಡಿಗೆ 25 ಸೆಂ.ಮೀ. ಅಂತರವಿದ್ದರೆ ಟ್ರ್ಯಾಕ್ಟರ್ ನಿಮಿಷಕ್ಕೆ 15 ಮೀಟರ್, ಅಂದರೆ ಗಂಟೆಗೆ 0.9 ಕಿ.ಮೀ. ಮಾತ್ರ ಓಡಬೇಕು. ಸಾಮಾನ್ಯ ಟ್ರ್ಯಾಕ್ಟರ್‌ಗೆ ಇಷ್ಟು ನಿಧಾನ ಒಗ್ಗದು, ಅತಿ ನಿಧಾನವಾಗಿ ಓಡಿಸುವ ಕ್ರೀಪರ್ ಗೇರ್ ಇರುವುದೇ ಬೇಕು. ಬಾಡಿಗೆಗೆ ಯಂತ್ರ ಕೊಳ್ಳುವವರು ಇದನ್ನು ವಿಚಾರಿಸದೆ ಕೊಂಡರೆ ಡ್ರೈವರ್ ಕ್ಲಚ್ಚು ಒತ್ತಿ ಒತ್ತಿ ಓಡಿಸಿ, ಸಾಲಿನಲ್ಲಿ ಒಂದು ಕಡೆ ತುಂಡಿನ ಗುಂಪು, ಇನ್ನೊಂದು ಕಡೆ ಬರೀ ಮಣ್ಣು. ಈ ವೇಗದಲ್ಲಿ 2,700 ಮೀಟರ್ ಮಡಿ ಮುಗಿಯಲು ಬರೀ ಓಟಕ್ಕೇ ಮೂರು ತಾಸು. ತಿರುವು, ಬೀಜ ತುಂಬುವುದು ಸೇರಿಸಿದರೆ ಐದು ತಾಸು ಹಿಡಿಯಿರಿ. ನಾಲ್ವರು ಸೀಟಿನಲ್ಲಿ, ಒಬ್ಬರು ಬೀಜ ತುಂಬಲು, ಒಬ್ಬರು ಡ್ರೈವರ್. ಆರು ಜನ, ಒಂದು ದಿನಕ್ಕಿಂತ ಕಡಿಮೆ, ಒಂದು ಎಕರೆ. 20ರ ಬದಲು 6. ಇದು ಸಣ್ಣ ಗಳಿಕೆಯಲ್ಲ, ಯಾರ ನಡುವೂ ಬಗ್ಗಬೇಕಿಲ್ಲ.

ಮಡಿಯ ಅಳತೆ

ಯಂತ್ರ ಮಡಿಯ ಮೇಲೆ ಹಾಯಬೇಕು, ಟ್ರ್ಯಾಕ್ಟರ್ ಗಾಲಿ ಕಾಲುವೆಯಲ್ಲಿ ಇಳಿದಿರಬೇಕು. ಎಡಗಾಲಿಯಿಂದ ಬಲಗಾಲಿಗೆ ಇರುವ ಅಂತರವೂ ಒಂದು ಕಾಲುವೆಯ ನಡುವಿನಿಂದ ಮುಂದಿನ ಕಾಲುವೆಯ ನಡುವಿಗೆ ಇರುವ ಅಂತರವೂ ಒಂದೇ ಆಗಿರಲೇಬೇಕು. ನಮ್ಮ ಕಡೆ ಮಡಿ ಹಾಕುವುದು ಹಗ್ಗ ಹಿಡಿದು, ಗುದ್ದಲಿಯಿಂದ, ಇಲ್ಲವೇ ಟ್ರ್ಯಾಕ್ಟರ್ ರೆಂಟೆಯಿಂದ ಸಾಲೆಳೆದು ಆಳಿನಿಂದ ಏರಿಸಿ. ಒಬ್ಬರದು ಮೂರು ಅಡಿ, ಒಬ್ಬರದು ನಾಲ್ಕೂವರೆ ಅಡಿ. ಇಳಿಜಾರು ಸಿಕ್ಕಲ್ಲಿ ಮಡಿ ಬಾಗುತ್ತದೆ, ಬದುವಿನ ಹತ್ತಿರ ಕಿರಿದಾಗುತ್ತದೆ. ಇಂಥ ಹೊಲಕ್ಕೆ ಯಾವ ಊರಿನ ಯಂತ್ರ ತಂದರೂ ಗಾಲಿ ಮಡಿ ಹತ್ತುತ್ತದೆ. ಗಾಲಿ ಹತ್ತಿದ ಕಡೆ ಮಣ್ಣು ಗಟ್ಟಿ, ನೀರು ನಿಂತು ಗಡ್ಡೆ ಕೊಳೆಯಲು ಅಷ್ಟೇ ಸಾಕು.

ಆದ್ದರಿಂದ ಮೊದಲು ಹೊಲಕ್ಕೆ ಬರಬೇಕಾದ್ದು ನಾಟಿ ಯಂತ್ರವಲ್ಲ, ಮಡಿ ಹಾಕುವ ಯಂತ್ರ. ಇದು ದುಬಾರಿಯದಲ್ಲ, ಸೂಕ್ಷ್ಮವಾದ ಭಾಗಗಳೂ ಇಲ್ಲ. ಕಲ್ಲಂಗಡಿ, ಮೆಣಸಿನಕಾಯಿ, ಟೊಮೆಟೊಗೆ ಮಲ್ಚಿಂಗ್ ಶೀಟ್ ಹಾಸುವವರು ಈಗಾಗಲೇ ಬಳಸುತ್ತಿದ್ದಾರೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ವರ್ಕ್‌ಶಾಪುಗಳಿಗೆ ಇಂಥದ್ದು ಮಾಡಿಕೊಡುವುದು ಕಷ್ಟದ ಮಾತಲ್ಲ. ಜಿಲ್ಲೆಯಲ್ಲೆಲ್ಲ ಒಂದೇ ಅಳತೆಗೆ, ಉದಾಹರಣೆಗೆ ನಡುವಿನಿಂದ ನಡುವಿಗೆ ಒಂದೂವರೆ ಮೀಟರ್ ಎಂಬ ಅಳತೆಗೆ ರೈತರು ಬಂದರೆ, ಅದೇ ಗಾಲಿ ಜಾಡಿನಲ್ಲಿ ಮುಂದೆ ನಾಟಿ ಯಂತ್ರ, ಔಷಧಿ ಹೊಡೆಯುವ ಯಂತ್ರ, ಕೊನೆಗೆ ಗಡ್ಡೆ ಕೀಳುವ ಯಂತ್ರ ಎಲ್ಲವೂ ಓಡಬಹುದು. ಗಡ್ಡೆ ಕೀಳುವುದಕ್ಕೂ ಬಹಳ ಆಳು ಬೇಕು ಎಂಬುದನ್ನು ಮರೆಯಬಾರದು.

ಇಲ್ಲಿ ನೆಲದ ಮಾತೂ ಬರುತ್ತದೆ. ನಮ್ಮಲ್ಲಿ ಶುಂಠಿ ಒಪ್ಪುವುದು ನೀರು ಬಸಿದುಹೋಗುವ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ, ಅರೆಮಲೆನಾಡಿನ ಪಟ್ಟಿಗೆ. ಗದಗ, ನವಲಗುಂದದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಈ ಬೆಳೆಯೂ ಕಷ್ಟ, ಮಳೆ ಬಿದ್ದ ಮರುದಿನ ಟ್ರ್ಯಾಕ್ಟರ್ ಇಳಿಸುವುದು ಇನ್ನೂ ಕಷ್ಟ. ಮಸಾರಿಯಲ್ಲಿ ಮಳೆಯಾದ ಎರಡನೆಯ ದಿನಕ್ಕೇ ಹದ ಸಿಗುತ್ತದೆ, ಯಂತ್ರಕ್ಕೆ ಇದು ಅನುಕೂಲ. ಕಲ್ಲು, ಗರಸು ಇರುವ ಹೊಲದಲ್ಲಿ ಮಾತ್ರ ಸಾಲು ತೆರೆಯುವ ಬ್ಲೇಡು ಮೇಲೆದ್ದು ತುಂಡು ಮೇಲೆಯೇ ಬೀಳುತ್ತದೆ. ನಾಲ್ಕೈದು ಸೆಂ.ಮೀ. ಆಳಕ್ಕೆ ಹೋಗಬೇಕಾದ ಬೀಜ ಬಿಸಿಲಿಗೆ ಬಿದ್ದರೆ ಎರಡು ದಿನದಲ್ಲಿ ಸುಕ್ಕುತ್ತದೆ. ಬೀಜ ತುಂಬುವವರೇ ಯಂತ್ರದ ಹಿಂದೆ ನಡೆದು ನೋಡಿಕೊಳ್ಳುವುದು ಅನಿವಾರ್ಯ.

ಬೀಜ ಮುರಿಯುವ ಕೈ

ಏಪ್ರಿಲ್‌ನಲ್ಲಿ ಯಾವ ಶುಂಠಿ ಬೆಳೆಗಾರನ ಹೊಲಕ್ಕೆ ಹೋದರೂ ಮಾವಿನ ಮರದ ನೆರಳಿನಲ್ಲಿ ತಾಡಪತ್ರಿ ಹಾಸಿ, ಬೀಜದ ರಾಶಿ ಸುತ್ತ ಹೆಂಗಸರು ಕೂತಿರುತ್ತಾರೆ. ಅಂಗೈಯಷ್ಟು ಅಗಲದ ಗಡ್ಡೆ ಎತ್ತಿಕೊಂಡು ಒಮ್ಮೆ ತಿರುಗಿಸಿ ನೋಡುತ್ತಾರೆ. ಮೊಳಕೆ ಒಡೆಯುವ ಕಣ್ಣು ಎಲ್ಲಿದೆ, ಗೆಣ್ಣು ಎಲ್ಲಿ ಸಣ್ಣಗಾಗಿದೆ ಎಂದು ಆ ಒಂದೇ ನೋಟದಲ್ಲಿ ತಿಳಿಯುತ್ತದೆ. ಸಣ್ಣಗಾದ ಕಡೆಯೇ ಮುರಿದರೆ ಗಾಯ ಚಿಕ್ಕದು. "ಯಕ್ಕಾ, ಇದಕ್ಕ ಕಣ್ಣs ಇಲ್ಲ ನೋಡ್ರಿ" ಎಂದು ಹೊಸಬಳೊಬ್ಬಳು ತುಂಡು ಚಾಚಿದರೆ, ಹಿರಿಯಳು ಅದನ್ನು ಹೊರಳಿಸಿ ಒಣಸಿಪ್ಪೆಯ ಅಡಿಯಲ್ಲಿ ಸಾಸಿವೆಯಷ್ಟು ಉಬ್ಬನ್ನು ತೋರಿಸುತ್ತಾಳೆ. ಮೆತ್ತಗಾದದ್ದು, ಮೂಗಿಗೆ ಹುಳಿ ವಾಸನೆ ಬಂದದ್ದು ಬೇರೆ ಬುಟ್ಟಿಗೆ ಹೋಗುತ್ತದೆ.

ಈ ಕೆಲಸಕ್ಕೆ ಸದ್ಯಕ್ಕೆ ಯಂತ್ರವಿಲ್ಲ, ಬೇಡವೂ ಬೇಡ. ಬದಲಿಗೆ ಇದಕ್ಕೊಂದು ಅಳತೆ ಬೇಕು. ಶಿಫಾರಸು ಇರುವುದು ಎರಡೂವರೆಯಿಂದ ಐದು ಸೆಂ.ಮೀ. ಉದ್ದ, 20ರಿಂದ 25 ಗ್ರಾಂ ತೂಕ, ಒಂದೆರಡು ಒಳ್ಳೆಯ ಕಣ್ಣು. ಹೊಲದಲ್ಲಿ ಮುರಿಯುವುದು 15 ಗ್ರಾಂನಿಂದ 60 ಗ್ರಾಂವರೆಗೆ. ಕೈನಾಟಿಗೆ ಇದು ನಡೆಯುತ್ತದೆ, ಊರುವ ಕೈ ತುಂಡು ನೋಡಿ ಹಳ್ಳ ತೆಗೆಯುತ್ತದೆ. ಯಂತ್ರಕ್ಕೆ ನಡೆಯದು. ಮುರಿಯುವಲ್ಲೇ ಎರಡು ಜರಡಿ ಇಟ್ಟು, ದೊಡ್ಡದು, ನಡುವಣದು, ಸಣ್ಣದು ಎಂದು ಬೇರೆ ಮಾಡಿದರೆ ಯಂತ್ರದ ಅರ್ಧ ತೊಡಕು ಅಲ್ಲೇ ಕಳೆಯುತ್ತದೆ. ಬೀಜೋಪಚಾರವೂ ಯಂತ್ರದ ದಿನಕ್ಕೆ ಹೊಂದಬೇಕು. ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ನೀರಿನಲ್ಲಿ ಅರ್ಧ ತಾಸು ಅದ್ದಿ, ನೆರಳಿನಲ್ಲಿ ಮೂರ್ನಾಲ್ಕು ತಾಸು ಆರಿಸುವುದು ರೂಢಿ. ಅವಸರದಲ್ಲಿ ಹಸಿಹಸಿಯಾಗಿ ಪೆಟ್ಟಿಗೆಗೆ ಸುರಿದರೆ ಯಂತ್ರಕ್ಕೂ ತೊಂದರೆ, ಔಷಧಿ ಸವರಿದ ತುಂಡನ್ನು ತಾಸುಗಟ್ಟಲೆ ಮುಟ್ಟುವ ಸೀಟಿನಲ್ಲಿನ ಹೆಣ್ಣುಮಕ್ಕಳಿಗೂ ತೊಂದರೆ. ಅವರಿಗೆ ಕೈಗವಸು ಕೊಡುವುದು ಯಂತ್ರದ ಮಾಲೀಕನ ಜವಾಬ್ದಾರಿ ಎಂದು ಬಾಡಿಗೆ ಮಾತಾಡುವಾಗಲೇ ಹೇಳಿಬಿಡಬೇಕು.

ಗಾಲಿಗೆ ಅಂಟಿದ ಮಣ್ಣು

ಶುಂಠಿ ಬೆಳೆದವರನ್ನು ನಿದ್ದೆಗೆಡಿಸುವ ರೋಗ ಎರಡು. ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರುವ ಗಡ್ಡೆ ಕೊಳೆ ಮತ್ತು ರಾಲ್‌ಸ್ಟೋನಿಯಾ ಎಂಬ ದುಂಡಾಣುವಿನಿಂದ ಬರುವ ಸೊರಗು ರೋಗ. ಸೊರಗು ಬಂದ ಗಿಡದ ಕಾಂಡ ಕತ್ತರಿಸಿ ತಿಳಿ ನೀರಿನ ಗ್ಲಾಸಿನಲ್ಲಿ ಇಳಿಬಿಟ್ಟರೆ ಹಾಲಿನಂಥ ಎಳೆ ಇಳಿಯುವುದು ಕಾಣುತ್ತದೆ. ಒಮ್ಮೆ ಹೊಲಕ್ಕೆ ಹೊಕ್ಕಿತೆಂದರೆ ತಿಂಗಳೊಳಗೆ ಮಡಿಗೆ ಮಡಿಯೇ ಮಲಗುತ್ತದೆ. ಎರಡೂ ಹರಡುವುದು ಬೀಜದಿಂದ, ಮಣ್ಣಿನಿಂದ, ಹರಿವ ನೀರಿನಿಂದ.

ಯಂತ್ರದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಈ ವಿಷಯ ತೆಗೆಯುವುದೇ ಅಪರೂಪ. ನನಗೆ ದೊಡ್ಡ ಆತಂಕ ಇರುವುದು ಇಲ್ಲೇ. ಬಾಡಿಗೆ ಯಂತ್ರ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಗಾಲಿಯ ಸಂದಿಯಲ್ಲಿ, ಬ್ಲೇಡಿನ ಬೆನ್ನಿಗೆ ಅಂಟಿದ ಮಣ್ಣಿನ ಜೊತೆ ರೋಗವೂ ಪ್ರಯಾಣ ಮಾಡುತ್ತದೆ. ಬಟ್ಟಲಿಗೆ ಮೆತ್ತಿದ ರಸದಿಂದ ಒಂದು ಕೊಳೆತ ತುಂಡು ಮುಂದಿನ ನೂರು ತುಂಡಿಗೆ ಸೋಂಕು ಹಚ್ಚಬಹುದು. ಹಾವೇರಿ ಜಿಲ್ಲೆಯಲ್ಲಿ ಇನ್ನೊಂದು ಸುತ್ತು ಇದೆ: ಸೊರಗು ರೋಗದ ದುಂಡಾಣುವಿನ ಬಳಗ ಮೆಣಸಿನಕಾಯಿ, ಟೊಮೆಟೊ, ಬದನೆ, ಆಲೂಗಡ್ಡೆ, ಶೇಂಗಾದಲ್ಲೂ ನೆಲೆ ಮಾಡುತ್ತದೆ. ಅವನ್ನು ಬೆಳೆದ ಹೊಲದಲ್ಲಿ ಬೆನ್ನಿಗೇ ಶುಂಠಿ ಹಾಕಬೇಡಿ ಎಂದು ವಿಜ್ಞಾನಿಗಳು ಹೇಳುವುದು ಇದಕ್ಕೇ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಈ ಎಚ್ಚರಿಕೆಯನ್ನು ಯಂತ್ರಕ್ಕೂ ಅನ್ವಯಿಸಬೇಕು. ಒಂದು ಹೊಲ ಮುಗಿಸಿ ಹೊರಡುವ ಮುನ್ನ ಗಾಲಿ, ಬ್ಲೇಡು, ಬಟ್ಟಲುಗಳನ್ನು ಜೋರು ನೀರಿನಲ್ಲಿ ತೊಳೆದು ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸುವುದಕ್ಕೆ ಅರ್ಧ ತಾಸು ಸಾಕು. ಆ ಅರ್ಧ ತಾಸಿನ ಬಾಡಿಗೆಯನ್ನು ರೈತ ಕೊಡಬೇಕು, ಕೇಳಿ ಮಾಡಿಸಿಕೊಳ್ಳಬೇಕು.

ಅರಿಶಿಣದ ದಾರಿ ಸ್ವಲ್ಪ ಸಲೀಸು

ಅರಿಶಿಣ ನಮ್ಮಲ್ಲಿ ಶುಂಠಿಯಷ್ಟು ಹರಡಿಲ್ಲ, ಬೆಳಗಾವಿ, ಬಾಗಲಕೋಟೆ, ಚಾಮರಾಜನಗರ ಅದರ ಸೀಮೆ. ಆದರೆ ಯಂತ್ರಕ್ಕೆ ಅದು ಬೇಗ ಒಗ್ಗುತ್ತದೆ. ತಾಯಿ ಗಡ್ಡೆ ಉರುಟಾಗಿ, ಗಟ್ಟಿಯಾಗಿ ಇರುವುದರಿಂದ ಬಟ್ಟಲಿನಲ್ಲಿ ಸಲೀಸಾಗಿ ಕೂರುತ್ತದೆ. ಬೋದು (ಮಣ್ಣಿನ ಏರು ಸಾಲು) ಹಾಕಿ 45ರಿಂದ 60 ಸೆಂ.ಮೀ. ಸಾಲಿನಲ್ಲಿ ನೆಡುವ ಪದ್ಧತಿ ಇರುವುದರಿಂದ ಕಬ್ಬಿನ ಯಂತ್ರಗಳ ಚೌಕಟ್ಟನ್ನೇ ಬಳಸಬಹುದು. ದೇಶದಲ್ಲಿ 2022-23ರಲ್ಲಿ 3.24 ಲಕ್ಷ ಹೆಕ್ಟೇರಿನಲ್ಲಿ ಅರಿಶಿಣ ಇತ್ತು, ಉತ್ಪಾದನೆ 11.61 ಲಕ್ಷ ಟನ್. ಇಷ್ಟು ದೊಡ್ಡ ಬೆಳೆಗೆ 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಿಶಿಣ ಮಂಡಳಿ ಶುರುವಾಗಿದೆ. ಮಂಡಳಿಯ ಗಮನ ರಫ್ತು, ಸಂಸ್ಕರಣೆಯ ಜೊತೆಗೆ ನಾಟಿಯ ಯಂತ್ರಕ್ಕೂ ಹೊರಳಿದರೆ ಅದರ ಲಾಭ ಶುಂಠಿಗೂ ತಟ್ಟುತ್ತದೆ.

ಸಸಿಯ ದಾರಿ

ಕೋಯಿಕ್ಕೋಡ್‌ನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬೇರೊಂದು ವಿಧಾನ ಕೊಟ್ಟಿದೆ. ಒಂದೇ ಕಣ್ಣಿರುವ ಐದಾರು ಗ್ರಾಂನ ಚೂರನ್ನು ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ತುಂಬಿದ ಟ್ರೇಯಲ್ಲಿ ನೆಟ್ಟು, 30-40 ದಿನದ ಸಸಿ ಮಾಡಿ ಹೊಲಕ್ಕೆ ಒಯ್ಯುವುದು. ಹೆಕ್ಟೇರಿಗೆ 1,500ರಿಂದ 2,000 ಕಿಲೋ ಬೇಕಾಗುತ್ತಿದ್ದ ಬೀಜ 500ರಿಂದ 750 ಕಿಲೋಕ್ಕೆ ಇಳಿಯುತ್ತದೆ. ಬೀಜ ಉಳಿತಾಯಕ್ಕೆಂದು ಇದನ್ನು ಹೊಗಳುವವರಿದ್ದಾರೆ. ಯಂತ್ರದ ದೃಷ್ಟಿಯಿಂದ ಇದರ ಬೆಲೆ ಇನ್ನೂ ಹೆಚ್ಚು ಎಂದು ನನಗನ್ನಿಸುತ್ತದೆ. ವಕ್ರಗಡ್ಡೆಯ ಸಮಸ್ಯೆಯೇ ಇಲ್ಲಿ ಇಲ್ಲವಾಗುತ್ತದೆ. ಪ್ರತಿ ಸಸಿಯ ಬೇರಿನ ಮುದ್ದೆ ಒಂದೇ ಆಕಾರ, ಒಂದೇ ಗಾತ್ರ. ತರಕಾರಿ ಸಸಿ ನೆಡುವ ಅರೆ ಸ್ವಯಂಚಾಲಿತ ಯಂತ್ರಗಳು ಮಾರುಕಟ್ಟೆಯಲ್ಲಿ ಈಗಾಗಲೇ ಇವೆ. ಅವುಗಳನ್ನೇ ಶುಂಠಿ ಸಸಿಗೂ ಹೊಂದಿಸಬಹುದು.

ಇದಕ್ಕೆ ನಮ್ಮ ಜಿಲ್ಲೆಗಳಷ್ಟು ಸಿದ್ಧವಿರುವ ಜಾಗ ಇನ್ನೊಂದು ಸಿಗುವುದು ಕಷ್ಟ. ರಾಣೇಬೆನ್ನೂರು ಸುತ್ತಲಿನ ಹಳ್ಳಿಗಳು ತರಕಾರಿ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದವು. ಟ್ರೇಯಲ್ಲಿ ಮೆಣಸಿನಕಾಯಿ, ಟೊಮೆಟೊ ಸಸಿ ಬೆಳೆಸಿ ಮಾರುವ ನರ್ಸರಿಗಳು, ಅಲ್ಲಿ ದುಡಿದು ಕೈ ಪಳಗಿದ ಹೆಣ್ಣುಮಕ್ಕಳು ಇಲ್ಲಿದ್ದಾರೆ. 98 ಕುಳಿಯ ಟ್ರೇ ಲೆಕ್ಕದಲ್ಲಿ ಎಕರೆಗೆ 440 ಟ್ರೇ ಬೇಕು. ನರ್ಸರಿ ನಡೆಸುವವರಿಗೆ ಇದು ಅಸಾಧ್ಯದ ಸಂಖ್ಯೆಯಲ್ಲ. ಮುಖ್ಯವಾದ ಇನ್ನೊಂದು ಲಾಭ: ಗಡ್ಡೆ ನಾಟಿ ಯಂತ್ರಕ್ಕೆ ವರ್ಷದಲ್ಲಿ ಮೂರು ನಾಲ್ಕು ವಾರ ಮಾತ್ರ ಕೆಲಸ. ಸಸಿ ಯಂತ್ರ ಮೇ ತಿಂಗಳಲ್ಲಿ ಶುಂಠಿ ಮುಗಿಸಿ ಮೆಣಸಿನಕಾಯಿಗೆ, ಆಮೇಲೆ ಕೋಸು, ಟೊಮೆಟೊಗೆ ಹೋಗಬಹುದು. ಕೆಲಸದ ದಿನ ಹೆಚ್ಚಿದಷ್ಟೂ ಬಾಡಿಗೆ ಇಳಿಯುತ್ತದೆ. ತೊಳೆಯುವ ಶಿಸ್ತು ಮಾತ್ರ ಇಲ್ಲಿ ಇಮ್ಮಡಿ ಬೇಕು, ಮೆಣಸಿನಕಾಯಿ ಹೊಲದಿಂದ ಶುಂಠಿ ಹೊಲಕ್ಕೆ ನೇರ ಹೋಗುವಂತಿಲ್ಲ.

ಕೊರತೆಗಳೂ ಇವೆ, ಅವನ್ನು ಮುಚ್ಚಿಡಬಾರದು. 20 ಗ್ರಾಂ ಗಡ್ಡೆಯಲ್ಲಿ ನೀರು, ಆಹಾರ ಎರಡೂ ಇವೆ. ನಾಟಿಯಾದ ಮೇಲೆ ಹತ್ತು ದಿನ ಮಳೆ ಕೈಕೊಟ್ಟರೂ ಮಣ್ಣೊಳಗೆ ತಡೆದುಕೊಳ್ಳುತ್ತದೆ. ಐದು ಗ್ರಾಂನ ಚೂರಿನಿಂದ ಬಂದ ಸಸಿ ತಡೆಯದು. ಬೋರಿನ ನೀರು, ಹನಿ ಪೈಪು ಇದ್ದವರಿಗೆ ಈ ದಾರಿ, ಮಳೆಯನ್ನೇ ನಂಬಿದವರಿಗೆ ಗಡ್ಡೆಯೇ ಗಟ್ಟಿ. ತರಕಾರಿ ಯಂತ್ರಗಳ ಸಾಲಿನ ಅಂತರವೂ ಶುಂಠಿಯ 20-25 ಸೆಂ.ಮೀ.ಗಿಂತ ಅಗಲ. ಮಡಿಗೆ ನಾಲ್ಕರ ಬದಲು ಎರಡು ಮೂರು ಸಾಲು ಹಾಕಿದರೆ ಇಳುವರಿ ಎಷ್ಟು ಇಳಿಯುತ್ತದೆ, ರೋಗ ಎಷ್ಟು ತಗ್ಗುತ್ತದೆ ಎಂಬುದನ್ನು ನಮ್ಮ ನೆಲದಲ್ಲೇ ಬೆಳೆದು ನೋಡಬೇಕು.

ಯಂತ್ರ ಯಾರ ಹೆಸರಿಗೆ?

ಶುಂಠಿ ಬೆಳೆದ ನೆಲದಲ್ಲಿ ಮರುವರ್ಷ ಶುಂಠಿ ಹಾಕುವಂತಿಲ್ಲ. ಹೀಗಾಗಿ ಬೆಳೆಗಾರರಲ್ಲಿ ಬಹಳ ಮಂದಿ ಲಾವಣಿ (ಗೇಣಿ) ಹೊಲ ಹಿಡಿದವರು, ವರ್ಷಕ್ಕೊಂದು ಊರು ಬದಲಿಸುವವರು. ನಮ್ಮ ಭೂಸುಧಾರಣಾ ಕಾನೂನಿನಲ್ಲಿ ಲಾವಣಿಗೆ ಎಡೆ ಕಡಿಮೆ ಇರುವುದರಿಂದ ಎಲ್ಲ ಬಾಯಿಮಾತಿನ ವ್ಯವಹಾರ. ಉತಾರ (ಪಹಣಿ) ಇನ್ನೊಬ್ಬರ ಹೆಸರಿನಲ್ಲಿ ಇರುವಾಗ ಸಬ್ಸಿಡಿ ಅರ್ಜಿಯ ಮಾತೇ ಇಲ್ಲ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಲ್ಲಿ ಸಹಾಯಧನ ಸಿಗುವುದು ಪರೀಕ್ಷೆಯಾಗಿ ಪಟ್ಟಿ ಸೇರಿದ ಯಂತ್ರಕ್ಕೆ. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ರೈತನೊಬ್ಬ ಹೇಳಿ ಮಾಡಿಸಿಕೊಂಡ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಆ ಪಟ್ಟಿಯಲ್ಲಿ ಇರುವುದಿಲ್ಲ.

ಇನ್ನೊಂದು ತೊಡಕು ಇಲಾಖೆಗಳ ನಡುವಿನದು. ಶುಂಠಿ, ಅರಿಶಿಣ ತೋಟಗಾರಿಕೆ ಇಲಾಖೆಯ ಬೆಳೆ. ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೃಷಿ ಇಲಾಖೆಯದು. ಲಾವಣಿ ರೈತನಿಗೆ ಯಂತ್ರ ಕೊಳ್ಳುವ ಸಬ್ಸಿಡಿಗಿಂತ ಬಾಡಿಗೆ ಯಂತ್ರವೇ ಉಪಯೋಗ, ಅಲ್ಲಿ ಉತಾರ ಯಾರ ಹೆಸರಿನದು ಎಂಬುದು ದೊಡ್ಡ ಮಾತಾಗಬಾರದು. ಹಾನಗಲ್ಲ, ಶಿಗ್ಗಾಂವಿಯ ಯಂತ್ರಧಾರೆಗೆ ಎರಡು ಮಡಿ ಹಾಕುವ ಯಂತ್ರ, ಒಂದು ಅರೆ ಸ್ವಯಂಚಾಲಿತ ನಾಟಿ ಯಂತ್ರ ಕೊಡಿಸುವುದು ಎರಡು ಇಲಾಖೆ ಕೂತು ಮಾತಾಡಿದರೆ ಆಗುವ ಕೆಲಸ.

ಯಂತ್ರ ರೂಪಿಸುವ ಶಕ್ತಿಗೇನೂ ನಮ್ಮಲ್ಲಿ ಬರವಿಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಕೂರಿಗೆ, ಕಬ್ಬು ಬಿತ್ತುವ ಯಂತ್ರ, ಹುಣಸೆ ಬೀಜ ಬಿಡಿಸುವ ಯಂತ್ರದಂಥ ಆವಿಷ್ಕಾರಗಳಿಗೆ. ರೈತನ ಅಂಗಳದಲ್ಲಿ ಹುಟ್ಟಿದ ಯಂತ್ರಗಳವು. ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ತೋಟಗಾರಿಕೆ ಎಂಜಿನಿಯರಿಂಗ್ ಕಾಲೇಜೇ ಇದೆ, ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಶುಂಠಿ ಹೊಲ ಅವುಗಳಿಂದ ಬಸ್ಸಿನ ದೂರದಲ್ಲಿದೆ.

ಯಂತ್ರ ಬಂದರೆ ಹೆಣ್ಣಾಳುಗಳ ಗತಿ ಏನು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎಕರೆಗೆ 20 ಪಗಾರದಲ್ಲಿ 14 ಹೋಗುತ್ತವೆ, ಮಳೆಗಾಲದ ಮುಂಚಿನ ಆ ರೊಕ್ಕದಲ್ಲೇ ಮಕ್ಕಳ ಶಾಲೆಯ ಖರ್ಚು ನಡೆಯುವ ಮನೆಗಳಿವೆ. ಆದರೆ ಎಲ್ಲ ಕೆಲಸವೂ ಹೋಗುವುದಿಲ್ಲ. ಬೀಜ ಮುರಿದು ಅಳತೆಗೆ ಬೇರ್ಪಡಿಸುವುದು ಯಂತ್ರ ಬಂದ ಮೇಲೆ ಹೆಚ್ಚುತ್ತದೆ, ಆ ಕುಶಲತೆಗೆ ಈಗಿನಂತೆ ಬರೀ ಆಳಿನ ಪಗಾರ ಕೊಡುವುದು ನ್ಯಾಯವಲ್ಲ. ಹೊದಿಕೆಯೂ ಇದೆ. ನಾಟಿ ಹೊತ್ತಿಗೆ ಎಕರೆಗೆ ನಾಲ್ಕೈದು ಟನ್ ಹಸಿ ಸೊಪ್ಪು ಹರಡಬೇಕು, ಬೀಜಕ್ಕಿಂತ ಐದು ಪಟ್ಟು ತೂಕ. ಇದಕ್ಕೆ ಯಾವ ನಾಟಿ ಯಂತ್ರವೂ ಕೈ ಹಾಕುವುದಿಲ್ಲ. ಯಂತ್ರದ ಸೀಟು, ಸಸಿ ನರ್ಸರಿ, ಯಂತ್ರದ ಬಾಡಿಗೆ ವ್ಯವಹಾರ, ಇವೆಲ್ಲ ಊರಿನ ಮಹಿಳಾ ಸಂಘಗಳ ಕೈಗೆ ಸಿಗಬೇಕು. ಇಲ್ಲವಾದರೆ ಬಗ್ಗುವ ಕೆಲಸ ಹೆಂಗಸರಿಗೆ, ಕೂತು ಓಡಿಸುವ ಕೆಲಸ ಗಂಡಸರಿಗೆ ಎಂಬ ಹಳೆಯ ಹಂಚಿಕೆಯೇ ಮುಂದುವರಿಯುತ್ತದೆ.

ಮುಂದಿನ ಭರಣಿಗೆ ಮುಂಚೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹಾನಗಲ್ಲ, ಶಿಗ್ಗಾಂವಿ, ಕಲಘಟಗಿಯಲ್ಲಿ ಮಸಾರಿ ನೆಲದ ಒಂದೊಂದು ಎಕರೆ ಆರಿಸಿ, ಒಂದೂವರೆ ಮೀಟರ್ ಅಳತೆಗೆ ಮಡಿ ಹಾಕಿಸಿ, ಅರ್ಧಕ್ಕೆ ಯಂತ್ರ, ಇನ್ನರ್ಧಕ್ಕೆ ಕೈನಾಟಿ ಮಾಡಬೇಕು. ಬೀಜ ಒಂದೇ ರಾಶಿಯದಾಗಿರಬೇಕು. ಪ್ರಾತ್ಯಕ್ಷಿಕೆಯ ದಿನ ತಾಸಿಗೆ ಎಷ್ಟು ಗುಂಟೆ ಮುಗಿಯಿತು ಎಂದು ಚಪ್ಪಾಳೆ ತಟ್ಟಿ ಹೋದರೆ ಏನೂ ತಿಳಿಯುವುದಿಲ್ಲ. ನಲವತ್ತನೆಯ ದಿನ ಮಡಿಯಲ್ಲಿ ಎಷ್ಟು ಜಾಗ ಖಾಲಿ, ಆಗಸ್ಟ್ ಮಳೆಯಲ್ಲಿ ಯಾವ ಅರ್ಧದಲ್ಲಿ ಕೊಳೆ ಹೆಚ್ಚು, ಜನವರಿಯಲ್ಲಿ ಯಾವ ಅರ್ಧದಿಂದ ಎಷ್ಟು ಚೀಲ, ಈ ಮೂರು ಲೆಕ್ಕವನ್ನು ಅದೇ ರೈತರ ಮುಂದೆ, ಅದೇ ಹೊಲದ ಬದುವಿನಲ್ಲಿ ಓದಿ ಹೇಳಬೇಕು.